ಬಂದು ಹೋಗುವ ಲಕ್ವ

ಹಿಂಗಾರಿ ಜೋಳದ ರಾಶಿಯ ಕಾಲವದು. 26 ವರ್ಷದ ರೈತ ಯುವಕನೊಬ್ಬನನ್ನು ಅವನ ಮನೆಯವರು ಹೊರಸಿನ ಸಮೇತ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನಮ್ಮಲ್ಲಿಗೆ ಕರೆತಂದರು. ಹಿಂದಿನ ದಿನ ಅವನು ಬೆಳಗಿನಿಂದ ಇಳಿಹೊತ್ತಿನವರೆಗೆ ಕಣದಿಂದ ಮನೆಗೆ ಚೀಲ ಹೊತ್ತಿದ್ದನು. ರಾತ್ರಿ ಬೀಗರ ಮನೆಯ ಮದುವೆಯಲ್ಲಿ ಹೋಳಿಗೆಯೂಟ ಉಂಡು ಬಂದು ಮಲಗಿದ್ದನು. ನಸುಕಿನ ನಾಲ್ಕು ಗಂಟೆಗೆ ಎಚ್ಚರವಾಗಿ ಏಳಹೋದರೆ ಕಾಲುಗಳು ಏಳಲಿಲ್ಲ. ತಾಯಿ ಪಾದ ಮುಟ್ಟಿದ್ದು ತಿಳಿಯುತ್ತಿತ್ತು, ಸೊಳ್ಳೆ ಕಚ್ಚಿದ್ದೂ ತಿಳಿಯುತ್ತಿತ್ತು; ಆದರೆ ಹಾಸಿಗೆಯಿಂದ ಕಾಲನ್ನು ಒಂದು ಬೆರಳಿನಷ್ಟು ಎತ್ತಲೂ ಆಗುತ್ತಿರಲಿಲ್ಲ. ಮಾತು ಸ್ಪಷ್ಟವಾಗಿತ್ತು, ಬುದ್ಧಿ ತಿಳಿಯಾಗಿತ್ತು. ತನಗೆ ಏನಾಗಿದೆ ಎಂಬುದನ್ನು ಅವನೇ ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲವನಾಗಿದ್ದನು.

ಲಕ್ವ ಹೊಡೆಯಿತೆಂದು ಕೆಲವರೂ, ಮದುವೆಮನೆಯಲ್ಲಿ ದೃಷ್ಟಿ ತಾಗಿತೆಂದು ಕೆಲವರೂ ಅಂದರು. ಹತ್ತಿರದ ಊರಿನ ಚಿಕಿತ್ಸಕರೊಬ್ಬರು ಹುಡುಗ ನಿತ್ರಾಣನಾಗಿದ್ದಾನೆಂದು ಭಾವಿಸಿ ಎರಡು ಬಾಟಲಿ ಗ್ಲೂಕೋಸ್ ಏರಿಸಿದರು. ಅಲ್ಲಿಯವರೆಗೆ ಆಡುತ್ತಿದ್ದ ಕೈಗಳೂ ಎರಡನೆಯ ಬಾಟಲಿ ಮುಗಿಯುವ ಹೊತ್ತಿಗೆ ಸೋತು ಬಿದ್ದವು. ನಮ್ಮ ಮುಂದೆ ಬಂದಾಗ ಅವನು ಕತ್ತು ಎತ್ತುವುದಕ್ಕೂ ಪರದಾಡುತ್ತಿದ್ದನು. ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಸಾಹೇಬ್ರ, ನನ್ನ ಮಗ ತಿರುಗಿ ನಡೀತಾನೇನ್ರಿ?"

ನಡೆಯುತ್ತಾನೆಂದು ನಾವು ಧೈರ್ಯದಿಂದ ಹೇಳಲು ಕಾರಣ ರಕ್ತಪರೀಕ್ಷೆಯ ಒಂದು ಅಂಕಿ. ಆರೋಗ್ಯವಂತರ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣಾಂಶವು ಲೀಟರಿಗೆ 3.5ರಿಂದ 5 ಮಿಲಿ ಈಕ್ವಿವಲೆಂಟ್‌ಗಳಷ್ಟು ಇರುತ್ತದೆ. ಇವನಲ್ಲಿ ಅದು 1.9ಕ್ಕೆ ಇಳಿದಿತ್ತು. ಪೊಟ್ಯಾಸಿಯಂ ದ್ರಾವಣವನ್ನು ಸ್ವಲ್ಪಸ್ವಲ್ಪವಾಗಿ ಬಾಯಿಯ ಮೂಲಕ ಕೊಡುತ್ತ, ಇ.ಸಿ.ಜಿ. ನೋಡುತ್ತ ಕಾದೆವು. ಮಧ್ಯಾಹ್ನಕ್ಕೆ ಬೆರಳುಗಳು ಆಡಿದವು, ಸಂಜೆಗೆ ಮಗ್ಗುಲಾದನು, ಮರುದಿನ ಬೆಳಿಗ್ಗೆ ತಾನಾಗಿಯೇ ನಡೆದು ಬಚ್ಚಲಿಗೆ ಹೋದನು. ಅವನನ್ನು ಹೊರಸಿನ ಮೇಲೆ ಹೊತ್ತು ತಂದಿದ್ದ ಬಂಧುಗಳು ಇದನ್ನು ಪವಾಡವೆಂದೇ ಬಗೆದರು. ಆದರೆ ಪವಾಡವೇನೂ ಇರಲಿಲ್ಲ. ಈ ಕಾಯಿಲೆಯ ಸ್ವಭಾವವೇ ಬಂದು ಹೋಗುವುದು.

ವೈದ್ಯಶಾಸ್ತ್ರವು ಇದನ್ನು ಪೀರಿಯಾಡಿಕ್ ಪೆರಾಲಿಸಿಸ್ ಎಂದು ಕರೆಯುತ್ತದೆ. ಆಗಾಗ್ಗೆ ಮರುಕಳಿಸುವ ಸ್ನಾಯುಗಳ ನಿಶ್ಶಕ್ತಿ ಎಂದು ಇದರ ಅರ್ಥ. ಇದು ವಿರಳವಾದ ಕಾಯಿಲೆ. ಹಾಗಿದ್ದೂ ಇದನ್ನು ಕುರಿತು ಬರೆಯಲು ನಾವು ಮುಂದಾದದ್ದಕ್ಕೆ ಕಾರಣ, ತಾನಾಗಿಯೇ ಇಳಿಯುವ ಸ್ವಭಾವವಿರುವುದರಿಂದ ಇಳಿಯುವ ಮುನ್ನ ಯಾವ ಉಪಚಾರ ನಡೆದಿತ್ತೋ ಅದಕ್ಕೇ ಗುಣ ಮಾಡಿದ ಕೀರ್ತಿ ಸಲ್ಲಿಬಿಡುತ್ತದೆ. ತಾಯತ ಕಟ್ಟಿದವರಿಗೂ, ಎಣ್ಣೆ ತಿಕ್ಕಿದವರಿಗೂ, ಕೊನೆಗೆ ಆ ಗ್ಲೂಕೋಸ್ ಬಾಟಲಿಗೂ ಹೆಸರು ಬರುತ್ತದೆ. ರೋಗದ ಮೂಲವನ್ನು ಯಾರೂ ಹುಡುಕುವುದಿಲ್ಲ. ಮುಂದಿನ ಸಲ ಅದು ಇನ್ನೂ ಬಲವಾಗಿ ಬರುತ್ತದೆ.

ಪೊಟ್ಯಾಸಿಯಂ ಕಡಿಮೆಯಾದರೆ ಮಾಂಸಖಂಡವೇಕೆ ಸೋಲಬೇಕು ಎಂಬುದನ್ನು ಸ್ವಲ್ಪ ವಿವರಿಸಬೇಕಾಗಿದೆ. ನಮ್ಮ ಹಿರಿಯರು ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು, ನಿತ್ಯದ ಬಳಕೆಗೆಂದು ಒಂದಷ್ಟನ್ನು ಮಾತ್ರ ಪಡಸಾಲೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ದೇಹದ ಪೊಟ್ಯಾಸಿಯಂ ವ್ಯವಸ್ಥೆಯೂ ಹೀಗೆಯೇ. ಶೇಕಡಾ 98ರಷ್ಟು ಭಾಗ ಜೀವಕೋಶಗಳ ಒಳಗೆ, ಅದರಲ್ಲೂ ಬಹುಪಾಲು ಮಾಂಸಖಂಡಗಳಲ್ಲಿ ಇರುತ್ತದೆ. ರಕ್ತದಲ್ಲಿ ಮತ್ತು ಕೋಶಗಳ ಹೊರಗಿನ ದ್ರವದಲ್ಲಿ ಇರುವುದು ಉಳಿದ ಶೇಕಡಾ 2 ಮಾತ್ರ. ಕೋಶದ ಗೋಡೆಯಲ್ಲಿರುವ ಒಂದು ಸೂಕ್ಷ್ಮ ಪಂಪು ಮೂರು ಸೋಡಿಯಂ ಕಣಗಳನ್ನು ಹೊರಗೆ ದೂಡಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಈ ಪಂಪನ್ನು 1957ರಲ್ಲಿ ಕಂಡುಹಿಡಿದ ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಒಳಗಿನ ಮತ್ತು ಹೊರಗಿನ ಪೊಟ್ಯಾಸಿಯಂನ ಈ ಅಂತರದಿಂದಲೇ ಮಾಂಸಖಂಡದ ಕೋಶಕ್ಕೆ ವಿದ್ಯುತ್ ಬಲ ಬರುತ್ತದೆ. ಆ ಬಲ ಏರುಪೇರಾದರೆ ನರವು ಕಳುಹಿಸಿದ ಆಜ್ಞೆ ಬಾಗಿಲವರೆಗೆ ಬಂದರೂ ಒಳಗಿನವರಿಗೆ ಕೇಳಿಸುವುದಿಲ್ಲ. ನರ ಸರಿಯಾಗಿದೆ, ಮೆದುಳು ಸರಿಯಾಗಿದೆ, ಮಾಂಸಖಂಡವೂ ಸವೆದಿಲ್ಲ. ಆದರೂ ಕಾಲು ಏಳುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆ ಯುವಕನ ದೇಹದಿಂದ ಪೊಟ್ಯಾಸಿಯಂ ಎಲ್ಲಿಗೂ ಹೋಗಿರಲಿಲ್ಲ. ಪಡಸಾಲೆಯಲ್ಲಿದ್ದ ಕಾಳು ಹಗೇವಿನೊಳಕ್ಕೆ ಇಳಿದಿತ್ತು, ಅಷ್ಟೆ. ಅದನ್ನು ಒಳಕ್ಕೆ ದೂಡುವ ಶಕ್ತಿಗಳಲ್ಲಿ ಮುಖ್ಯವಾದುದು ಇನ್ಸುಲಿನ್. ಸಿಹಿಯನ್ನೂ ಅನ್ನವನ್ನೂ ಹೆಚ್ಚಾಗಿ ಉಂಡಾಗ ಇನ್ಸುಲಿನ್ ಹೆಚ್ಚು ಸ್ರವಿಸುತ್ತದೆ. ಅದು ಸಕ್ಕರೆಯೊಡನೆ ಪೊಟ್ಯಾಸಿಯಂ ಅನ್ನೂ ಕೋಶದೊಳಗೆ ಸೇರಿಸುತ್ತದೆ. ದುಡಿಯುವಾಗ ಮಾಂಸಖಂಡದಿಂದ ಹೊರಬಂದ ಪೊಟ್ಯಾಸಿಯಂ ವಿಶ್ರಾಂತಿಯಲ್ಲಿ ಮತ್ತೆ ಒಳಗೆ ಸೇರುತ್ತದೆ. ಹಗಲೆಲ್ಲ ಚೀಲ ಹೊತ್ತು, ರಾತ್ರಿ ಹೋಳಿಗೆ ಉಂಡು, ಗಾಢವಾಗಿ ನಿದ್ರಿಸಿದವನಿಗೆ ನಸುಕಿನಲ್ಲಿಯೇ ರೋಗ ಕಾಣಿಸಿಕೊಂಡದ್ದರ ಗುಟ್ಟು ಇದು. ಗ್ಲೂಕೋಸ್ ಬಾಟಲಿಯು ಕೈಗಳನ್ನೂ ಕೆಡವಿದ್ದರ ಗುಟ್ಟೂ ಇದೇ. ನಮ್ಮ ಹಳ್ಳಿಗಳಲ್ಲಿ ಸುಸ್ತು ಎಂದವರಿಗೆಲ್ಲ ಗ್ಲೂಕೋಸ್ ಏರಿಸುವುದು, ಏರಿಸಿರೆಂದು ರೋಗಿಗಳೇ ಕೇಳಿ ಪಡೆಯುವುದು ಒಂದು ರೂಢಿಯಾಗಿಬಿಟ್ಟಿದೆ. ಬೇರೆಯವರಲ್ಲಿ ಅದು ಬಹುಮಟ್ಟಿಗೆ ಹಣದ ಅಪವ್ಯಯ. ಈ ರೋಗದಲ್ಲಿ ಅಪಾಯ.

ರೋಗದ ಲಕ್ಷಣಗಳು ಬಹುಪಾಲು ರೋಗಿಗಳಲ್ಲಿ ಒಂದೇ ಬಗೆಯಾಗಿರುತ್ತವೆ. ಮೊದಲು ತೊಡೆಗಳು ಭಾರವಾಗುತ್ತವೆ, ಕೆಲವರಿಗೆ ಮೀನಖಂಡ ಹಿಡಿದಂತಾಗುತ್ತದೆ. ನಂತರ ಎರಡೂ ಕಾಲುಗಳು, ಬಳಿಕ ತೋಳುಗಳು ಸೋಲುತ್ತವೆ. ಪಾದ ಮತ್ತು ಬೆರಳುಗಳಿಗಿಂತ ಸೊಂಟ, ತೊಡೆ, ಹೆಗಲುಗಳ ಸ್ನಾಯುಗಳಿಗೆ ಪೆಟ್ಟು ಹೆಚ್ಚು. ಮುಖ, ಕಣ್ಣು, ನುಂಗುವಿಕೆ, ಮಾತು, ಉಸಿರಾಟ ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಸ್ಪರ್ಶಜ್ಞಾನ ಕೆಡುವುದಿಲ್ಲ, ಮಲಮೂತ್ರಗಳ ಹಿಡಿತ ತಪ್ಪುವುದಿಲ್ಲ. ವೈದ್ಯರು ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮುವುದಿಲ್ಲ. ಕೆಲವು ಗಂಟೆಗಳಿಂದ ಹಿಡಿದು ಒಂದೆರಡು ದಿನಗಳವರೆಗೆ ಹೀಗಿದ್ದು, ಆಮೇಲೆ ಮಂಜು ಕರಗಿದಂತೆ ಶಕ್ತಿ ಮರಳುತ್ತದೆ. ಎರಡು ಸಲದ ನಡುವೆ ರೋಗಿಯು ಎಲ್ಲರಂತೆ ಇರುತ್ತಾನೆ. ಹೀಗೆಂದು ಇದನ್ನು ನಿರಪಾಯಕಾರಿ ಎಂದೂ ತಿಳಿಯಬಾರದು. ಪೊಟ್ಯಾಸಿಯಂ ತೀರ ಇಳಿದರೆ ಹೃದಯದ ಬಡಿತ ತಾಳ ತಪ್ಪಬಹುದು. ಅಪರೂಪಕ್ಕೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಹಲವು ವರ್ಷ ಮರುಕಳಿಸಿದವರಲ್ಲಿ ಕೆಲವರಿಗೆ ತೊಡೆಗಳ ದೌರ್ಬಲ್ಯ ಶಾಶ್ವತವಾಗಿ ನಿಂತುಬಿಡುವುದುಂಟು.

ಲಕ್ವವೆಂದು ನಾವೆಲ್ಲ ಕರೆಯುವ ಪಾರ್ಶ್ವವಾಯುವಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮನೆಯವರೇ ಗುರುತಿಸಬಲ್ಲರು. ಪಾರ್ಶ್ವವಾಯುವು ಹೆಸರಿಗೆ ತಕ್ಕಂತೆ ಒಂದು ಪಾರ್ಶ್ವವನ್ನು ಹಿಡಿಯುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಬೆನ್ನುಹುರಿಗೆ ಪೆಟ್ಟಾದರೆ ಸ್ಪರ್ಶ ತಿಳಿಯುವುದಿಲ್ಲ, ಮೂತ್ರ ಕಟ್ಟುತ್ತದೆ. ಇನ್ನೊಂದನ್ನು ಹಳ್ಳಿಯ ಓದುಗರಿಗೆ ಒತ್ತಿ ಹೇಳಬೇಕು. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಎದ್ದು ಕಣ್ಣಿನ ರೆಪ್ಪೆ ಎತ್ತಲಾಗುತ್ತಿಲ್ಲ, ಉಗುಳು ನುಂಗಲಾಗುತ್ತಿಲ್ಲ, ಹೊಟ್ಟೆ ನೋಯುತ್ತಿದೆ ಎಂದರೆ ಅದು ಕಟ್ಟು ಹಾವಿನ ಕಡಿತವಿರಬಹುದು. ಅದರ ಕಡಿತದಲ್ಲಿ ನೋವೂ ಗುರುತೂ ಇಲ್ಲದಿರುವುದುಂಟು. ಅಲ್ಲಿ ಒಂದು ನಿಮಿಷವನ್ನೂ ಕಳೆಯಬಾರದು. ನಿಜವಾಗಿ ನೋಡಿದರೆ ಯಾವ ಹಠಾತ್ ನಿಶ್ಶಕ್ತಿಯಲ್ಲಿಯೂ ಮನೆಯಲ್ಲಿ ಕುಳಿತು ನಿರ್ಣಯಿಸುವುದು ತರವಲ್ಲ. ಆಸ್ಪತ್ರೆಗೆ ಹೊರಟ ದಾರಿಯಲ್ಲಿ ಈ ವಿಚಾರ ಮಾಡಿದರೆ ಸಾಕು.

ಮತ್ತೆ ಆ ಯುವಕನ ವಿಷಯಕ್ಕೆ ಬರೋಣ. ಶಕ್ತಿ ಮರಳಿದ ಮೇಲೂ ಅವನ ನಾಡಿ ನಿಮಿಷಕ್ಕೆ 110ರಷ್ಟು ಓಡುತ್ತಿತ್ತು. ಚಾಚಿದ ಕೈಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಚೆನ್ನಾಗಿ ಉಣ್ಣುತ್ತಿದ್ದರೂ ಕಳೆದ ಕೆಲವು ತಿಂಗಳುಗಳಲ್ಲಿ ತೂಕ ಇಳಿದಿತ್ತು. ರಾಶಿಯ ದುಡಿತದಿಂದ ಸೊರಗಿದ್ದಾನೆಂದು ಮನೆಯವರು ತಿಳಿದಿದ್ದರು. ಪರೀಕ್ಷಿಸಿದಾಗ ಕತ್ತಿನ ಥೈರಾಯ್ಡ್ ಗ್ರಂಥಿಯು ಮಿತಿಮೀರಿ ಸ್ರವಿಸುತ್ತಿದ್ದುದು ಕಂಡುಬಂದಿತು. ಥೈರಾಯ್ಡ್ ರಸ ಹೆಚ್ಚಾದಾಗ ಮೇಲೆ ಹೇಳಿದ ಆ ಪಂಪು ಅತಿವೇಗದಿಂದ ಕೆಲಸ ಮಾಡತೊಡಗುತ್ತದೆ. ಅದರ ಮೇಲೆ ಹೋಳಿಗೆಯ ಇನ್ಸುಲಿನ್ ಸೇರಿದರೆ ಕೇಳುವುದೇ ಬೇಡ. ಥೈರಾಯ್ಡ್ ಹೆಚ್ಚಳವು ಹೆಂಗಸರಲ್ಲಿ ಅಧಿಕವಾಗಿದ್ದರೂ ಅದರಿಂದ ಬರುವ ಈ ಲಕ್ವವು ಹೆಚ್ಚಾಗಿ 20ರಿಂದ 40 ವರ್ಷದ ಗಂಡಸರನ್ನು, ಅದರಲ್ಲೂ ಏಷ್ಯಾ ಖಂಡದವರನ್ನು ಕಾಡುತ್ತದೆ. ಕೆಲವರಲ್ಲಿ ಮಾಂಸಖಂಡದ ಪೊಟ್ಯಾಸಿಯಂ ಬಾಗಿಲಿನಲ್ಲಿಯೇ ಹುಟ್ಟಿನಿಂದ ದೋಷವಿರುವುದನ್ನು 2010ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಆದಕಾರಣ ಯುವಕನೊಬ್ಬನಿಗೆ ಹೀಗೆ ಕಾಲು ಬಿದ್ದಾಗ ಥೈರಾಯ್ಡ್ ಪರೀಕ್ಷೆ ಮಾಡಿಸದೆ ಮನೆಗೆ ಕಳುಹಿಸುವುದು ಅರ್ಧ ಚಿಕಿತ್ಸೆ. ಥೈರಾಯ್ಡ್ ಹತೋಟಿಗೆ ಬಂದರೆ ಲಕ್ವವು ತಾನಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಪ್ರೊಪ್ರನೊಲಾಲ್‌ನಂಥ ಗುಳಿಗೆ ರಕ್ಷಣೆ ಕೊಡುತ್ತದೆ.

ಥೈರಾಯ್ಡ್ ಸರಿಯಾಗಿದ್ದು, ವಂಶದಲ್ಲಿಯೇ ಈ ರೋಗ ಹರಿದುಬರುವ ಮನೆತನಗಳೂ ಇವೆ. ಬರ್ಲಿನ್ನಿನ ವೈದ್ಯ ಕಾರ್ಲ್ ವೆಸ್ಟ್‌ಫಾಲ್ ಅವರು 1885ರಲ್ಲಿಯೇ ಇಂಥ ರೋಗಿಯನ್ನು ಕುರಿತು ವಿವರವಾಗಿ ಬರೆದರು. ರೋಗ ಬಂದಾಗ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆಂದು ಬೀಮಂಡ್ ಮತ್ತು ಡೇನಿಯಲ್ಸ್ ಎಂಬಿಬ್ಬರು ತೋರಿಸಿದ್ದು 1934ರಲ್ಲಿ. ನಡುವಿನ ಅರ್ಧ ಶತಮಾನ ರೋಗಿಗಳನ್ನು ಏನೆಂದು ಕರೆದಿರಬಹುದೆಂಬುದನ್ನು ಊಹಿಸಲು ನಾವು ದೂರ ಹೋಗಬೇಕಾಗಿಲ್ಲ. 15 ವರ್ಷದ ಹುಡುಗನೊಬ್ಬನನ್ನು ಅವನ ಅಜ್ಜಿ ಕರೆತಂದಿದ್ದರು. ನಾವು ಮನೆತನದ ವಿಚಾರ ಕೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಯಜಮಾನರೂ ಹರೆಯದಲ್ಲಿ ಹಬ್ಬದ ಮರುದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲವೆಂದು ಹೇಳಿದರು. "ಕೆಲಸಗಳ್ಳ ಅಂತ ಎಲ್ಲಾರೂ ಅಂತಿದ್ರು, ನಾನೂ ಅಂದೀನ್ರಿ" ಎಂದು ಕಣ್ಣೊರೆಸಿಕೊಂಡರು. ಆ ಹಿರಿಯರು ತೀರಿಹೋಗಿ ಆಗಲೇ ಹತ್ತಾರು ವರ್ಷಗಳಾಗಿದ್ದವು.

ವಂಶಪಾರಂಪರ್ಯದ ರೋಗದಲ್ಲಿ ದೋಷವಿರುವುದು ಮಾಂಸಖಂಡದ ಕೋಶದ ಕ್ಯಾಲ್ಸಿಯಂ ಬಾಗಿಲನ್ನು ರೂಪಿಸುವ ಜೀನಿನಲ್ಲಿ. ಕೆಲವು ಮನೆತನಗಳಲ್ಲಿ ಸೋಡಿಯಂ ಬಾಗಿಲಿನ ಜೀನಿನಲ್ಲಿ. ಸಾಮಾನ್ಯವಾಗಿ ಇದು 20 ವರ್ಷದೊಳಗೇ ಆರಂಭವಾಗಿ ನಡುವಯಸ್ಸಿನಲ್ಲಿ ವಿರಳವಾಗುತ್ತದೆ. ತಂದೆ ಅಥವಾ ತಾಯಿಯಲ್ಲಿ ಒಬ್ಬರಲ್ಲಿ ದೋಷವಿದ್ದರೂ ಪ್ರತಿ ಮಗುವಿಗೆ ಅದು ಬರುವ ಸಂಭವ ಅರ್ಧಕ್ಕರ್ಧ. ಸೋದರ ಸಂಬಂಧದಲ್ಲಿ ಮದುವೆಯಾದುದರಿಂದ ಬರುವ ರೋಗ ಇದಲ್ಲ. ಹೆಂಗಸರಲ್ಲಿ ದೋಷವಿದ್ದರೂ ರೋಗ ಕಾಣಿಸಿಕೊಳ್ಳದಿರುವುದು ಹೆಚ್ಚು. ಸಂಬಂಧ ಬೆಳೆಸುವಾಗ ಇದನ್ನು ಮುಚ್ಚಿಡುವ ಕುಟುಂಬಗಳನ್ನು ನಾವು ಕಂಡಿದ್ದೇವೆ. ಮುಚ್ಚಿಟ್ಟರೆ ಹೊಸ ಮನೆಯಲ್ಲಿ ರೋಗ ಕಾಣಿಸಿಕೊಂಡ ರಾತ್ರಿ ಮತ್ತೆ ಅದೇ ಗ್ಲೂಕೋಸ್ ಬಾಟಲಿಯೇ ಬರುತ್ತದೆ. ಹೇಳಿಕೊಂಡರೆ ಸಂಬಂಧ ತಪ್ಪೀತೆಂಬ ಭಯ ನಮಗೆ ಅರ್ಥವಾಗದ್ದೇನಲ್ಲ. ಆದರೆ ಗುಳಿಗೆ ಮತ್ತು ಆಹಾರನಿಯಮದಿಂದ ಹತೋಟಿಯಲ್ಲಿಡಬಹುದಾದ ರೋಗಕ್ಕೆ ಇಷ್ಟೊಂದು ಗುಟ್ಟು ಬೇಡವೆಂದೇ ನಮ್ಮ ಅಭಿಪ್ರಾಯ.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಬಗೆಯಿದೆ. ಅದರಲ್ಲಿ ರೋಗ ಬಂದಾಗ ರಕ್ತದ ಪೊಟ್ಯಾಸಿಯಂ ಏರುತ್ತದೆ, ಅಥವಾ ಸಹಜ ಮಟ್ಟದಲ್ಲಿಯೇ ಇರುತ್ತದೆ. ಸ್ವೀಡನ್ನಿನ ವೈದ್ಯೆ ಇಂಗ್ರಿಡ್ ಗ್ಯಾಮ್‌ಸ್ಟಾರ್ಪ್ 1956ರಲ್ಲಿ ಇದನ್ನು ಪ್ರತ್ಯೇಕವಾಗಿ ವರ್ಣಿಸಿದರು. ಇದು ಹತ್ತು ವರ್ಷದೊಳಗಿನ ಮಕ್ಕಳಲ್ಲಿಯೇ ತೊಡಗುತ್ತದೆ. ನಿಮಿಷಗಳಿಂದ ಒಂದೆರಡು ಗಂಟೆಗಳವರೆಗೆ ಮಾತ್ರ ಇರುತ್ತದೆ. ಉಪವಾಸವಿದ್ದಾಗ, ಚಳಿಯಲ್ಲಿ, ಆಟವಾಡಿ ಕುಳಿತಾಗ ಬರುತ್ತದೆ. ಇವರಿಗೆ ಸಿಹಿ ತಿನಿಸಿದರೆ ಗುಣ ಕಾಣುತ್ತದೆ, ಪೊಟ್ಯಾಸಿಯಂ ಕೊಟ್ಟರೆ ಹೆಚ್ಚಾಗುತ್ತದೆ. ಒಬ್ಬನಿಗೆ ಮದ್ದಾದದ್ದು ಇನ್ನೊಬ್ಬನಿಗೆ ವಿಷವಾಗುವುದೆಂದರೆ ಇದೇ. ಪಕ್ಕದ ಮನೆಯವನಿಗೆ ಗುಣ ಕೊಟ್ಟ ಪೊಟ್ಯಾಸಿಯಂ ಬಾಟಲಿಯನ್ನು ಎರವಲು ತರುವ ಪರಿಪಾಠ ಈ ವಿಷಯದಲ್ಲಿ ಕೂಡದು.

ಪೊಟ್ಯಾಸಿಯಂ ಒಳಗೆ ಅಡಗದೆ ನಿಜವಾಗಿಯೂ ದೇಹದಿಂದ ಸೋರಿಹೋಗಿ ಲಕ್ವ ಬರುವುದೂ ಉಂಟು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳು ಕಡಿಮೆಯೇನಲ್ಲ. ಬಹುದಿನದ ವಾಂತಿಭೇದಿ, ರಕ್ತದೊತ್ತಡಕ್ಕೆಂದು ನುಂಗುವ ಮೂತ್ರ ಹೆಚ್ಚಿಸುವ ಗುಳಿಗೆಗಳು, ಮೂತ್ರಪಿಂಡದ ನಾಳಗಳ ದೋಷ ಇದಕ್ಕೆ ಕಾರಣ. ಕಣ್ಣು ಬಾಯಿ ಒಣಗುವ ಕಾಯಿಲೆಯಿರುವ ಹೆಂಗಸರಲ್ಲಿ ಮೂತ್ರಪಿಂಡದ ಈ ದೋಷ ಸೇರಿಕೊಂಡಿರುವುದುಂಟು. ಡೆಂಗಿ ಜ್ವರದಲ್ಲಿಯೂ ಪೊಟ್ಯಾಸಿಯಂ ಇಳಿದು ಕಾಲು ಬಿದ್ದ ರೋಗಿಗಳ ವರದಿಗಳಿವೆ. ಕೆಮ್ಮು ಗಂಟಲಿಗೆ ಒಳ್ಳೆಯದೆಂದು ಜ್ಯೇಷ್ಠಮಧುವನ್ನು ತಿಂಗಳುಗಟ್ಟಲೆ ಹೇರಳವಾಗಿ ಸೇವಿಸಿದರೂ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಗಿಡಮೂಲಿಕೆಯಾದುದರಿಂದ ಹಾನಿಯಿಲ್ಲ ಎಂಬ ಮಾತಿಗೆ ಇದೊಂದು ಅಪವಾದ.

ಹಾಗಾದರೆ ಎಳನೀರು, ಬಾಳೆಹಣ್ಣು ಸಾಲದೆ ಎಂದು ಕೇಳುವವರಿದ್ದಾರೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಅದರೊಡನೆ 25 ಗ್ರಾಂಗೂ ಮೇಲ್ಪಟ್ಟು ಸಕ್ಕರೆ ಮತ್ತು ಪಿಷ್ಟವೂ ಇದೆ. ಬಿದ್ದ ಕಾಲನ್ನು ಎಬ್ಬಿಸುವ ಔಷಧ ಅದಲ್ಲ. ಮತ್ತೊಂದು ಕಡೆ, ಮೂತ್ರಪಿಂಡ ಕೆಟ್ಟವರಿಗೆ ಎಳನೀರು ಪ್ರಾಣಕ್ಕೆ ಮುಳುವಾಗಬಹುದು. ಅವರ ದೇಹ ಪೊಟ್ಯಾಸಿಯಂ ಅನ್ನು ಹೊರಹಾಕಲಾರದೆ ಅದು ರಕ್ತದಲ್ಲಿ ಏರುತ್ತ ಹೋಗಿ ಕೈಕಾಲು ಸೋಲುತ್ತವೆ, ಹೃದಯವೂ ನಿಲ್ಲಬಹುದು. ಅಂಗಡಿಯಲ್ಲಿ ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಬೆರೆಸಿರುವುದು ಪೊಟ್ಯಾಸಿಯಂ ಲವಣವೇ ಎಂಬುದೂ ಅವರಿಗೆ ತಿಳಿದಿರಬೇಕು.

ಮನೆಯಲ್ಲಿ ಯಾರಿಗಾದರೂ ಹೀಗಾದರೆ, ಇ.ಸಿ.ಜಿ.ಯೂ ರಕ್ತಪರೀಕ್ಷೆಯೂ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಶಕ್ತಿ ಮರಳುವುದಕ್ಕೆ ಮುಂಚೆಯೇ ರಕ್ತ ತೆಗೆಸುವುದು ಮುಖ್ಯ. ಮರಳಿದ ಮೇಲೆ ತೆಗೆದ ರಕ್ತದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ರೋಗಿ ನಟಿಸಿದನೆಂಬ ಅಪವಾದವೊಂದು ಉಳಿಯುತ್ತದೆ. ಬಾಟಲಿ ಏರಿಸುವ ಮುನ್ನ ಪೊಟ್ಯಾಸಿಯಂ ನೋಡಿರೆಂದು ಕೈಮುಗಿದು ಕೇಳಿಕೊಳ್ಳಲು ಸಂಕೋಚಪಡಬಾರದು. ದಾರಿಯಲ್ಲಿ ಶರಬತ್ತು, ಸಕ್ಕರೆ ನೀರು ಕುಡಿಸಬಾರದು. ಪೊಟ್ಯಾಸಿಯಂ ಚುಚ್ಚುಮದ್ದನ್ನು ಅವಸರದಲ್ಲಿ ಕೊಟ್ಟರೆ ಹೃದಯಕ್ಕೆ ಅಪಾಯ; ಒಳಗೆ ಅಡಗಿದ್ದ ಪೊಟ್ಯಾಸಿಯಂ ಹೊರಬರತೊಡಗಿದಾಗ ಕೊಟ್ಟದ್ದೂ ಅದಕ್ಕೆ ಸೇರಿ ಮಿತಿ ಮೀರುತ್ತದೆ. ಆದ್ದರಿಂದ ಎದ್ದು ಕುಳಿತನೆಂದು ಅದೇ ಗಳಿಗೆಯಲ್ಲಿ ಮನೆಗೆ ಹೊರಡಿಸುವುದು ಬೇಡ. ರೋಗವಿದೆಯೆಂದು ಖಚಿತವಾದವರು ಆ ರಕ್ತಪರೀಕ್ಷೆಯ ಚೀಟಿಯನ್ನು ಜೋಪಾನವಾಗಿಟ್ಟು, ಮುಂದೆ ಯಾವ ಶಸ್ತ್ರಚಿಕಿತ್ಸೆಯಾದರೂ ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ತೋರಿಸಬೇಕು. ನೆಗಡಿಗೂ ಬೆನ್ನುನೋವಿಗೂ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳಬಾರದು. ವಂಶದ ರೋಗವಿರುವವರಿಗೆ ಅಸಿಟಜೋಲಮೈಡ್ ಎಂಬ ಗುಳಿಗೆ 1960ರ ದಶಕದಿಂದ ಬಳಕೆಯಲ್ಲಿದೆ. ಥೈರಾಯ್ಡ್ ಬಗೆಯವರಿಗೆ ಮಾತ್ರ ಅದು ಸಲ್ಲದು. ಯಾವುದು ಯಾರಿಗೆ ಎಂಬುದು ವೈದ್ಯರ ನಿರ್ಣಯಕ್ಕೆ ಬಿಟ್ಟ ವಿಷಯ. ಕಾಲು ಭಾರವಾಗತೊಡಗಿದ ಮೊದಲ ಗಳಿಗೆಯಲ್ಲಿ ಮಲಗದೆ ಅಂಗಳದಲ್ಲಿ ನಿಧಾನವಾಗಿ ತಿರುಗಾಡಿದರೆ ಕೆಲವರಿಗೆ ರೋಗ ಅಲ್ಲಿಗೇ ಇಳಿಯುತ್ತದೆ. ಇದನ್ನು ರೋಗಿಗಳೇ ಅನುಭವದಿಂದ ಕಂಡುಕೊಂಡಿದ್ದಾರೆ.

ಆ ಯುವಕನು ಥೈರಾಯ್ಡ್ ಚಿಕಿತ್ಸೆಯನ್ನು ತಪ್ಪದೆ ನಡೆಸಿದನು. ಗ್ರಂಥಿಯು ಹತೋಟಿಗೆ ಬರುವ ಮುನ್ನ ಇನ್ನೊಂದು ಸಲ, ಸಣ್ಣ ಪ್ರಮಾಣದಲ್ಲಿ, ಕಾಲು ಸೋತಿತ್ತು, ಆಮೇಲೆ ಬರಲಿಲ್ಲ. ಮುಂದಿನ ವರ್ಷದ ರಾಶಿಯ ಹೊತ್ತಿಗೆ ತಾಯಿ ಹೊಸ ಜೋಳದ ಗಂಟೊಂದನ್ನು ಹಿಡಿದುಕೊಂಡು ಬಂದರು. ಮಗನ ಮದುವೆ ಗೊತ್ತಾಗಿತ್ತು, ಬೀಗರಿಗೆ ಎಲ್ಲವನ್ನೂ ಹೇಳಿದ್ದರು. ಆಕೆಗೆ ಉಳಿದಿದ್ದುದು ಒಂದೇ ಅನುಮಾನ: ತನ್ನ ಮದುವೆಯಲ್ಲಿ ಮಗ ಹೋಳಿಗೆ ಉಣ್ಣಬಹುದೇ? ಹೊಸದಾಗಿ ಮಾಡಿಸಿದ್ದ ಥೈರಾಯ್ಡ್ ಪರೀಕ್ಷೆಯ ಚೀಟಿಯನ್ನು ತರಿಸಿ ನೋಡಿದೆವು. ಎಲ್ಲವೂ ಸರಿಯಾಗಿತ್ತು. "ಉಣ್ಣಲಿ ತಾಯೀ, ಗುಳಿಗೆ ಮಾತ್ರ ಮರೀಬಾರದು" ಎಂದೆವು.